ನಲ್ಲಿ ಬಂದರೆ ನೀರಿನ ಯೋಜನೆ ಮುಗಿದಂತೆಯೇ?

ಮನೆ ಮುಂದೆ ನಲ್ಲಿ ಬಂದರೆ ನೀರಿನ ಯೋಜನೆ ಮುಗಿಯಿತು ಎಂದೇ ನಾವು ಅಂದುಕೊಳ್ಳುತ್ತೇವೆ. ನಲ್ಲಿ, ಪೈಪು, ಟ್ಯಾಂಕ್ ಎಲ್ಲವನ್ನೂ ಮುಟ್ಟಿ ನೋಡಬಹುದು, ಎಣಿಸಬಹುದು. ಕೆಲಸ ಮಾಡಿದವರು ಮಾಡಿಸಿದವರಿಗೆ ಒಪ್ಪಿಸಬೇಕಾದ ಇಂಥ ವಸ್ತುಗಳನ್ನು ಯೋಜನಾ ನಿರ್ವಹಣೆಯಲ್ಲಿ ‘ಟ್ಯಾಂಜಿಬಲ್ ಡೆಲಿವರಬಲ್’ ಎನ್ನುತ್ತಾರೆ.

ಇವು ಏಕೆ ಬೇಕು?

‘ಮುಕ್ಕಾಲು ಕೆಲಸ ಆಗಿದೆ’ ಎಂಬ ಮಾತು ನಿಜವೋ ಸುಳ್ಳೋ ಹೇಳುವುದು ಕಷ್ಟ. ‘100 ಮನೆಗಳಲ್ಲಿ 75ಕ್ಕೆ ನಲ್ಲಿ ಹಾಕಿದ್ದೇವೆ’ ಎಂದರೆ ಯಾರು ಬೇಕಾದರೂ ಹೋಗಿ ಎಣಿಸಬಹುದು. ಕಾಣುವ ವಸ್ತುವಿನ ಬಲ ಇದೇ.

ಎಣಿಕೆಯೊಂದೇ ಸಾಕೇ?

ಸಾಲದು. ಒಪ್ಪಿಸುವ ವಸ್ತು ಹೇಗಿರಬೇಕು ಎಂಬ ಷರತ್ತನ್ನೂ ಮೊದಲೇ ಬರೆದಿರಬೇಕು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್ (ನಮ್ಮಲ್ಲಿ ‘ಮನೆ ಮನೆಗೆ ಗಂಗೆ’) ಕೊಡಬೇಕಿರುವುದು ಬರೀ ನಲ್ಲಿಯನ್ನಲ್ಲ, ಕೆಲಸ ಮಾಡುವ ನಲ್ಲಿಯನ್ನು. ತಲೆಗೆ ದಿನಕ್ಕೆ ಕನಿಷ್ಠ 55 ಲೀಟರ್ ನೀರು ಬರಬೇಕು, ಅದು ಕುಡಿಯಲು ಯೋಗ್ಯವಾಗಿರಬೇಕು, ಪೂರೈಕೆ ನಿಯಮಿತವಾಗಿರಬೇಕು. ಐದು ಜನರ ಮನೆಗೆ ದಿನಕ್ಕೆ 275 ಲೀಟರ್, ಅಂದರೆ 15 ಲೀಟರಿನ 18 ಕೊಡಗಳಿಗಿಂತ ತುಸು ಹೆಚ್ಚು. ಇದನ್ನು ನಾವೇ ಅಳೆಯಬಹುದು.

ಕಣ್ಣಿಗೆ ಕಾಣದ್ದನ್ನು ಅಳೆಯುವುದು ಹೇಗೆ?

ಪಾವಗಡದಂಥ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುತ್ತದೆ ಎಂಬುದು ತಪ್ಪು ನಂಬಿಕೆ. ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿಯುತ್ತದೆ. ಭಾರತೀಯ ಮಾನದಂಡದಂತೆ ಅದರ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5. ಇದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಕೆಡುತ್ತವೆ. ಹೊಳೆಯುವ ಹೊಸ ನಲ್ಲಿಯಿಂದಲೂ ಇಂಥ ನೀರು ಬರಬಹುದು. ಆದ್ದರಿಂದ ನೀರಿನ ಪರೀಕ್ಷಾ ವರದಿಯೂ ಒಂದು ಡೆಲಿವರಬಲ್ಲೇ. ಕಾಣದ ಗುಣಮಟ್ಟಕ್ಕೆ ಕೈಗೆ ಸಿಗುವ ಸಾಕ್ಷಿ ಆ ಕಾಗದ.

ಒಪ್ಪಿಕೊಳ್ಳುವವರು ಯಾರು?

ಈ ಯೋಜನೆಯಲ್ಲಿ ಎರಡು ಹಂತಗಳಿವೆ. ಎಲ್ಲ ಮನೆಗೂ ಸಂಪರ್ಕ ಆಯಿತೆಂದು ಇಲಾಖೆ ವರದಿ ಮಾಡುವುದು ಮೊದಲನೆಯದು. ಗ್ರಾಮಸಭೆ ಅದನ್ನು ಒಪ್ಪಿ ನಿರ್ಣಯ ಮಾಡಿದ ಮೇಲಷ್ಟೇ ಊರಿಗೆ ‘ಹರ್ ಘರ್ ಜಲ್’ ಪ್ರಮಾಣೀಕರಣ ಸಿಗುತ್ತದೆ. ಹಾಗಾಗಿ ಕೈ ಎತ್ತುವ ಮುನ್ನ ಮೂರು ಪ್ರಶ್ನೆ ಕೇಳೋಣ: ಕೊನೆಯ ಮನೆಗೂ ನೀರು ಬರುತ್ತಿದೆಯೇ? ಎಷ್ಟು ಬರುತ್ತಿದೆ? ಪರೀಕ್ಷಾ ವರದಿ ಎಲ್ಲಿದೆ? ಮೂರಕ್ಕೂ ಉತ್ತರ ಸಿಕ್ಕರೆ ಕೆಲಸ ಮುಗಿದಿದೆ. ಇಲ್ಲದಿದ್ದರೆ ಇನ್ನೂ ಬಾಕಿಯಿದೆ.