ಕರೆಂಟ್ ಕೂಡಿಟ್ಟರೆ ಹೊಗೆ ಕಡಿಮೆಯಾಗುತ್ತಾ? ತುಂಬಿಸೋ ಹೊತ್ತು ನೋಡಿ

ಬ್ಯಾಟರಿ ಅಂದ್ರೆ ಪರಿಸರಕ್ಕೆ ಒಳ್ಳೇದು ಅನ್ನೋ ಮಾತು ಎಲ್ಲ ಕಡೆ ಕೇಳಿಬರುತ್ತೆ. ಆದರೆ ಬ್ಯಾಟರಿ ಒಂದು ಯೂನಿಟ್ ಕರೆಂಟನ್ನೂ ತಾನಾಗಿ ಹುಟ್ಟಿಸುವುದಿಲ್ಲ. ಅದು ಕಣಜ ಇದ್ದ ಹಾಗೆ. ಒಳಗೆ ಏನು ತುಂಬಿದ್ದೀರೋ ಅದೇ ಹೊರಗೆ ಬರುತ್ತೆ, ಅದೂ ಸ್ವಲ್ಪ ಕಡಿಮೆಯಾಗಿ.

ಹಗಲು ಬಿಸಿಲು, ರಾತ್ರಿ ಕಲ್ಲಿದ್ದಲು

ಪಾವಗಡದ ಸೋಲಾರ್ ಪಾರ್ಕ್ ಒಂದರದ್ದೇ ಸಾಮರ್ಥ್ಯ 2,050 ಮೆಗಾವ್ಯಾಟ್. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ ಅದು ಹರಡಿದೆ. ಮಧ್ಯಾಹ್ನ ಭರ್ತಿ ಉತ್ಪಾದನೆ, ಹೊತ್ತು ಮುಳುಗಿದರೆ ಸೊನ್ನೆ. ಅದೇ ಹೊತ್ತಿಗೆ ಮನೆಮನೆಯಲ್ಲೂ ಲೈಟು, ಟಿವಿ, ಫ್ಯಾನು ಶುರು. ಆ ಕೊರತೆಯನ್ನು ಜಲವಿದ್ಯುತ್ತಿನ ಜೊತೆಗೆ ರಾಯಚೂರು, ಬಳ್ಳಾರಿಯಂಥ ಕಲ್ಲಿದ್ದಲು ಸ್ಥಾವರಗಳು ತುಂಬುತ್ತವೆ. ಕಲ್ಲಿದ್ದಲಿನ ಪ್ರತಿ ಯೂನಿಟ್‌ಗೆ ಸುಮಾರು 1 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತೆ.

ಲೆಕ್ಕ ಹಾಕೋಣ

ಲಿಥಿಯಂ ಬ್ಯಾಟರಿಗೆ 100 ಯೂನಿಟ್ ತುಂಬಿದರೆ ವಾಪಸ್ ಸಿಗೋದು ಸುಮಾರು 85. ಶರಾವತಿಯಲ್ಲಿ ಮಾಡಲು ಹೊರಟಿರುವ ಪಂಪ್ಡ್ ಸ್ಟೋರೇಜ್‌ನಂತೆ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಮತ್ತೆ ಬಿಟ್ಟರೆ 75ರಿಂದ 80.

ಈಗ ಬ್ಯಾಟರಿಯದ್ದೇ ಲೆಕ್ಕ ನೋಡಿ. ಮಧ್ಯಾಹ್ನ ಮಿಕ್ಕಿದ ಸೋಲಾರ್ ಕರೆಂಟ್ ತುಂಬಿಸಿ ರಾತ್ರಿ ಕಲ್ಲಿದ್ದಲಿನ ಬದಲು ಬಳಸಿದರೆ 85 ಕೆ.ಜಿ. ಉಳಿತಾಯ. ನಡುರಾತ್ರಿ ಕಲ್ಲಿದ್ದಲಿನ ಕರೆಂಟನ್ನೇ ತುಂಬಿಸಿ, ಬೆಳಗ್ಗೆ ಕಲ್ಲಿದ್ದಲಿನ ಬದಲು ಅದನ್ನೇ ಬಳಸಿದರೆ? ಉಳಿದದ್ದು 85, ಬಿಟ್ಟದ್ದು 100. ಬ್ಯಾಟರಿ ಇದ್ದೂ 15 ಕೆ.ಜಿ. ಜಾಸ್ತಿಯೇ ಆಯ್ತು!

ನಿಮ್ಮ ಹೊಲದ ಬ್ಯಾಟರಿ: ನೀರಿನ ತೊಟ್ಟಿ

5 ಎಚ್‌ಪಿ ಮೋಟಾರ್ ಗಂಟೆಗೆ ಸುಮಾರು 4 ಯೂನಿಟ್ ಎಳೆಯುತ್ತೆ. 5 ಗಂಟೆಗೆ 20 ಯೂನಿಟ್. ರಾತ್ರಿ ಅದು ಕಲ್ಲಿದ್ದಲಿನ ಕರೆಂಟಾದರೆ 20 ಕೆ.ಜಿ. ಹೊಗೆ. ಅದೇ ನೀರನ್ನು ಬಿಸಿಲಿದ್ದಾಗ, ಸೋಲಾರ್ ಮಿಕ್ಕಿರುವ ಹೊತ್ತಲ್ಲಿ ಎತ್ತಿ ಎತ್ತರದ ತೊಟ್ಟಿಗೆ ತುಂಬಿಸಿಡಿ. ಸಂಜೆಯೋ ಬೆಳಗಿನ ಜಾವವೋ ವಾಲ್ವ್ ತಿರುಗಿಸಿದರೆ ನೀರು ತಾನೇ ಇಳಿಯುತ್ತೆ. ಎತ್ತಿಟ್ಟ ನೀರೇ ಕೂಡಿಟ್ಟ ಕರೆಂಟ್. ಬ್ಯಾಟರಿ ಖರ್ಚಿಲ್ಲ, ಕತ್ತಲಲ್ಲಿ ಹಾವು, ಕರಡಿಯ ಭಯವೂ ಇಲ್ಲ.

ಒಂದು ಎಚ್ಚರಿಕೆ: ಹಗಲು ಕರೆಂಟ್ ಸಿಕ್ತು ಅಂತ ಬೋರ್‌ವೆಲ್ ಬರಿದು ಮಾಡಬೇಡಿ. ಬೆಳೆಗೆ ಬೇಕಾದಷ್ಟೇ ಎತ್ತಿ.

ಈ ವಾರ ಮಾಡಿ ನೋಡಿ

• ಕೆಪಿಟಿಸಿಎಲ್‌ನ ಎಸ್‌ಎಲ್‌ಡಿಸಿ ವೆಬ್‌ಸೈಟನ್ನು ಮೊಬೈಲ್‌ನಲ್ಲಿ ಮಧ್ಯಾಹ್ನ ಒಂದಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ ತೆರೆಯಿರಿ. ಸೋಲಾರ್ ಎಷ್ಟು, ಕಲ್ಲಿದ್ದಲು ಎಷ್ಟು ಅಂತ ಹೋಲಿಸಿ.
• ಬ್ಯಾಟರಿ ಸ್ಪ್ರೇಯರ್, ಇ-ಬೈಕ್ ಚಾರ್ಜ್ ಬೆಳಗ್ಗೆ 10ರಿಂದ 3ರೊಳಗೆ ಮುಗಿಸಿ.
• ನಿಮ್ಮ ಫೀಡರ್ ಕುಸುಮ್-ಸಿ ಯೋಜನೆಗೆ ಸೇರಿದೆಯಾ ಅಂತ ಸೆಕ್ಷನ್ ಆಫೀಸ್‌ನಲ್ಲಿ ವಿಚಾರಿಸಿ. ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಘಟಕ ಹಾಕಿ ಪಂಪ್‌ಸೆಟ್‌ಗೆ ಹಗಲು ತ್ರೀಫೇಸ್ ಕೊಡೋ ಯೋಜನೆ ಅದು.