ಉಷ್ಣವಲಯದ ಕಡಲಲ್ಲೂ ಚಳಿ: ವೆಟ್‌ಸೂಟ್ ಎಷ್ಟು ದಪ್ಪವಿರಬೇಕು?

ಉಷ್ಣವಲಯದ ಸಮುದ್ರವೆಂದರೆ ಬೆಚ್ಚಗಿನ ನೀರು ಎಂಬ ನಂಬಿಕೆ ಸಾಮಾನ್ಯವಾದುದು. ಜುಲೈ, ಆಗಸ್ಟ್ ತಿಂಗಳಲ್ಲಿ ಇಂಡೊನೇಷ್ಯಾದ ಕೊಮೊಡೊ ದ್ವೀಪಗಳಿಗೆ ಸ್ಕೂಬಾ ಡೈವಿಂಗ್‌ಗೆಂದು ಹೋದವರಲ್ಲಿ ಆ ನಂಬಿಕೆ ಹೆಚ್ಚು ದಿನ ಉಳಿಯುವುದಿಲ್ಲ. ಸಮಭಾಜಕ ವೃತ್ತದಿಂದ ಸುಮಾರು ಎಂಟೂವರೆ ಡಿಗ್ರಿಯಷ್ಟೇ ದಕ್ಷಿಣಕ್ಕಿರುವ ಈ ದ್ವೀಪಗಳ ಉತ್ತರ ಭಾಗದಲ್ಲಿ ನೀರಿನ ಉಷ್ಣಾಂಶ 27ರಿಂದ 29 ಡಿಗ್ರಿ ಸೆಲ್ಸಿಯಸ್. ಅದೇ ಹಡಗು ಒಂದು ರಾತ್ರಿ ಸಾಗಿ ದಕ್ಷಿಣದ ಮಂಟಾ ಆ್ಯಲಿ ಅಥವಾ ರಿಂಚಾ ದ್ವೀಪದ ಬದಿಯ ಕ್ಯಾನಿಬಲ್ ರಾಕ್ ತಲಪಿತೆಂದರೆ ಅದು 22-23 ಡಿಗ್ರಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿದಿರುತ್ತದೆ.

ಕಾರಣ ಸರಳ. ದ್ವೀಪಗಳ ಉತ್ತರಕ್ಕಿರುವುದು ಫ್ಲೋರೆಸ್ ಸಮುದ್ರ. ದಕ್ಷಿಣದ ಬಾಗಿಲು ತೆರೆಯುವುದು ಹಿಂದೂ ಮಹಾಸಾಗರದ ಕಡೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ಆಗ್ನೇಯ ಮಾರುತಗಳು ಮೇಲ್ಪದರದ ಬೆಚ್ಚಗಿನ ನೀರನ್ನು ದಂಡೆಯಿಂದ ಆಚೆ ತಳ್ಳುತ್ತವೆ. ಆ ಜಾಗವನ್ನು ತುಂಬಲು ಆಳದ ತಣ್ಣನೆಯ ನೀರು ಮೇಲೇರುತ್ತದೆ. ಮಂಟಾ ತಿರಂಡಿಗಳನ್ನೂ ಮೆದು ಹವಳಗಳನ್ನೂ ಪೋಷಿಸುವುದು ಪೋಷಕಾಂಶ ತುಂಬಿದ ಈ ನೀರೇ. ಅಂದರೆ ಯಾವುದನ್ನು ನೋಡಲೆಂದು ಅಷ್ಟು ದೂರ ಹೋಗುತ್ತೇವೆಯೋ ಅದು ಚಳಿಯ ಜೊತೆಗೇ ಬರುತ್ತದೆ.

ಹಡಗಿನಲ್ಲೇ ಉಂಡು, ಮಲಗಿ, ದಿನಕ್ಕೆ ಮೂರು-ನಾಲ್ಕು ಬಾರಿ ನೀರಿಗಿಳಿಯುವ ಇಂಥ ಪ್ರವಾಸಕ್ಕೆ ಲೈವ್‌ಅಬೋರ್ಡ್ ಎಂದು ಹೆಸರು. ನಮ್ಮ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಒಂದೆರಡು ಡೈವ್ ಮಾಡಿ ಮಧ್ಯಾಹ್ನಕ್ಕೆ ದಡ ಸೇರುವವರಿಗೆ ಬಾಡಿಗೆಯ ತೆಳು ಉಡುಪೇ ಸಾಕು. ಆ ಅನುಭವವನ್ನೇ ಅಳತೆಗೋಲಾಗಿ ಇಟ್ಟುಕೊಂಡು ವಾರದ ಪ್ರವಾಸಕ್ಕೆ ಹೊರಟರೆ ಲೆಕ್ಕ ತಪ್ಪುತ್ತದೆ.

ಏಕೆಂದರೆ ಚಳಿ ಒಂದು ಡೈವ್‌ನಿಂದ ಇನ್ನೊಂದಕ್ಕೆ ಶೇಖರವಾಗುತ್ತ ಹೋಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಉಷ್ಣವಾಹಕ. ಬರಿಮೈಯಲ್ಲಿ ಸುಮ್ಮನಿರುವ ವ್ಯಕ್ತಿ ನೀರಿನಲ್ಲಿ ಶಾಖ ಕಳೆದುಕೊಳ್ಳದೆ ಇರಬೇಕಾದರೆ ಆ ನೀರು 34 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಹೀಗಾಗಿ 28 ಡಿಗ್ರಿಯ 'ಬೆಚ್ಚಗಿನ' ನೀರೂ ಮೈಯ ಶಾಖವನ್ನು ನಿಧಾನವಾಗಿ ಹೀರುತ್ತಲೇ ಇರುತ್ತದೆ. ಮೊದಲ ದಿನ ಹಿತವೆನಿಸಿದ ಉಡುಪಿನಲ್ಲೇ ನಾಲ್ಕನೆಯ ದಿನದ ಸಂಜೆ ಹಲ್ಲು ಕಟಕಟಿಸುವುದು ಇದರಿಂದಲೇ.

ವೆಟ್‌ಸೂಟ್‌ನೊಳಗೆ ಸೇರಿಕೊಂಡ ನೀರು ಬಿಸಿಯಾಗಿ ನಮ್ಮನ್ನು ಬೆಚ್ಚಗಿಡುತ್ತದೆ ಎಂದು ಹೇಳುವುದುಂಟು. ಇದು ಅರ್ಧಸತ್ಯ. ಶಾಖವನ್ನು ತಡೆಯುವುದು ನಿಯೊಪ್ರೀನ್ ರಬ್ಬರಿನೊಳಗಿನ ಅಸಂಖ್ಯ ಅನಿಲಗುಳ್ಳೆಗಳು. 1950ರ ದಶಕದ ಆರಂಭದಲ್ಲಿ ಇದನ್ನು ಗುರುತಿಸಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್. ಬಟ್ಟೆಯಲ್ಲೇ ಅನಿಲ ತುಂಬಿದ್ದರೆ ಮೈ ಒಣಗಿರಬೇಕಾದ ಅಗತ್ಯವಿಲ್ಲ ಎಂಬುದು ಅವರ ಹೊಳಹು. ಅಣುಬಾಂಬ್ ಯೋಜನೆಯಲ್ಲಿ ದುಡಿದಿದ್ದ ವಿಜ್ಞಾನಿಯೊಬ್ಬರು ಕಡಲಾಟಕ್ಕೆ ಇಂಥ ಕಾಣಿಕೆ ಕೊಟ್ಟದ್ದು ವಿಚಿತ್ರವೇ ಸರಿ.

ಈ ಗುಳ್ಳೆಗಳೇ ಉಡುಪಿನ ದೌರ್ಬಲ್ಯವೂ ಹೌದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, ಮೂವತ್ತು ಮೀಟರ್‌ನಲ್ಲಿ ನಾಲ್ಕು ಪಟ್ಟು. ಆಳಕ್ಕೆ ಇಳಿದಂತೆ ಗುಳ್ಳೆಗಳು ಕುಗ್ಗಿ ಉಡುಪು ತೆಳ್ಳಗಾಗುತ್ತದೆ. ಅಂಗಡಿಯ ಚೀಟಿಯ ಮೇಲಿನ 3 ಮಿ.ಮೀ. ಎಂಬುದು ದಡದ ಅಳತೆ, ಆಳದ್ದಲ್ಲ. ನೂರಾರು ಬಾರಿ ಮುಳುಗೆದ್ದ ಬಾಡಿಗೆ ಉಡುಪುಗಳಲ್ಲಿ ಗುಳ್ಳೆಗಳು ಶಾಶ್ವತವಾಗಿ ಚಪ್ಪಟೆಯಾಗಿರುವ ಸಂಭವವೂ ಇದೆ.

ಚಳಿ ತಡೆದುಕೊಂಡರಾಯಿತು ಎನ್ನುವವರು ಒಂದು ಸಂಗತಿಯನ್ನು ಗಮನಿಸಬೇಕು. ಅಮೆರಿಕದ ನೌಕಾಪಡೆಯ ಡೈವಿಂಗ್ ಪ್ರಯೋಗಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಳದಲ್ಲಿ ಬೆಚ್ಚಗಿದ್ದು ಮೇಲೇರುವ ಹಂತದಲ್ಲಿ ತಣ್ಣಗಾದವರಿಗೆ ಡಿಕಂಪ್ರೆಷನ್ ಕಾಯಿಲೆಯ ಅಪಾಯ ಅತಿ ಹೆಚ್ಚು. ಮೈ ತಣ್ಣಗಾದಾಗ ರಕ್ತ ಸಂಚಾರ ಕುಗ್ಗಿ, ತಳದಲ್ಲಿ ಅಂಗಾಂಶಗಳು ಹೀರಿಕೊಂಡ ಸಾರಜನಕ ಹೊರಬರುವುದು ತಡವಾಗುತ್ತದೆ. ಆ ಪ್ರಯೋಗದಲ್ಲಿ 'ತಣ್ಣಗೆ' ಎಂದು ಕರೆದದ್ದು ಸುಮಾರು 27 ಡಿಗ್ರಿ ನೀರನ್ನು! ಅಲ್ಲಿನ ಡೈವ್‌ಗಳು ಪ್ರವಾಸಿಗರ ಡೈವ್‌ಗಳಿಗಿಂತ ಬಹಳ ಕಠಿಣವಾದವು ಎಂಬುದು ನಿಜ. ಆದರೆ ಶುರುವಿನಲ್ಲಿ ಬೆಚ್ಚಗೆ, ಕೊನೆಗೆ ನಡುಕ ಎಂಬ ಕ್ರಮ ಪ್ರವಾಸಿ ಡೈವ್‌ನಲ್ಲಿ ಕಂಡುಬರುವುದೂ ಅದೇ. ಆದ್ದರಿಂದ ವೆಟ್‌ಸೂಟ್ ಆರಿಸಬೇಕಾದದ್ದು ಮೊದಲು ನೀರಿಗೆ ಹಾರುವ ಕ್ಷಣಕ್ಕಲ್ಲ. ದಿನದ ಕೊನೆಯ ಡೈವ್‌ನಲ್ಲಿ, ಐದು ಮೀಟರ್ ಆಳದಲ್ಲಿ ನಿಲ್ಲುವ ಆ ಕೊನೆಯ ಮೂರು ನಿಮಿಷಗಳಿಗೆ.

ಹಾಗಾದರೆ ಎಷ್ಟು ದಪ್ಪ? ಮಾಲ್ಡೀವ್ಸ್‌ನಂತೆ ಬಹುತೇಕ 27ರಿಂದ 30 ಡಿಗ್ರಿಯ ನೀರಿರುವ ಕಡೆ ಕೈಕಾಲು ಪೂರ್ತಿ ಮುಚ್ಚುವ 3 ಮಿ.ಮೀ. ಉಡುಪು ಹೆಚ್ಚಿನವರಿಗೆ ಸಾಕು. ಕೊಮೊಡೊದ ಉತ್ತರ ಭಾಗಕ್ಕಷ್ಟೇ ಸೀಮಿತವಾದ ಪ್ರವಾಸಕ್ಕೂ ಅದೇ ಮಾತು. ದಕ್ಷಿಣವೂ ಸೇರಿದ್ದರೆ 5 ಮಿ.ಮೀ. ಉಡುಪು, ಒಳಗೆ ತೊಡಲು ಟೊಪ್ಪಿ ಸಹಿತದ ತೆಳು ನಿಯೊಪ್ರೀನ್ ಅಂಗಿ, ಕಾಲಿಗೆ ಬೂಟು ಇರಲಿ. ಎರಡರ ನಡುವೆ ಅನುಮಾನವಿದ್ದರೆ ದಪ್ಪದ್ದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಸೆಖೆಯಾದರೆ ಕತ್ತಿನ ಬಳಿ ಸಡಿಲಿಸಿ ಸ್ವಲ್ಪ ನೀರು ಬಿಟ್ಟುಕೊಳ್ಳಬಹುದು. ತೆಳು ಉಡುಪನ್ನು ನಡುಗಡಲಲ್ಲಿ ದಪ್ಪ ಮಾಡುವ ಉಪಾಯವಿಲ್ಲ. ಟೊಪ್ಪಿ ಅಂಗಿಯನ್ನಂತೂ ಯಾವ ಪ್ರವಾಸಕ್ಕೂ ಒಯ್ಯಬಹುದು, ಅದು ಚೀಲದಲ್ಲಿ ಹೆಚ್ಚು ಜಾಗವನ್ನೂ ಬೇಡುವುದಿಲ್ಲ. ಮೈಯಲ್ಲಿ ಕೊಬ್ಬು ಕಡಿಮೆ ಇರುವವರು ಮತ್ತು ಕ್ಯಾಮೆರಾ ಹಿಡಿದು ಒಂದೇ ಕಡೆ ಅಲ್ಲಾಡದೆ ಕಾಯುವವರು ಬೇಗ ತಣ್ಣಗಾಗುತ್ತಾರೆ. ಜೊತೆಗಾರರ ಲೆಕ್ಕ ಇವರಿಗೆ ಹೊಂದುವುದಿಲ್ಲ.

ದಪ್ಪಕ್ಕೆ ತೆರಬೇಕಾದ ಬೆಲೆ ತೇಲುವಿಕೆ. 3ರಿಂದ 5 ಮಿ.ಮೀ.ಗೆ ಹೋದರೆ ಸೊಂಟದ ಪಟ್ಟಿಗೆ ಒಂದೆರಡು ಕಿಲೋ ಸೀಸ ಹೆಚ್ಚು ಬೇಕಾದೀತು. ಇಳಿದಂತೆ ಉಡುಪು ಕುಗ್ಗಿ ತೂಕ ಎಳೆಯುತ್ತದೆ, ಏರಿದಂತೆ ಅದೇ ಉಬ್ಬಿ ಮೇಲೆಸೆಯುತ್ತದೆ. ಕೊಮೊಡೊದ ಬಟು ಬೊಲೊಂಗ್‌ನಂತಹ ಬಿರುಸು ಪ್ರವಾಹದ ತಾಣದಲ್ಲಿ ಹೊಸ ಉಡುಪನ್ನು ಮೊದಲ ಬಾರಿ ಪರೀಕ್ಷಿಸುವುದು ಜಾಣತನವಲ್ಲ. ಮೊದಲ ದಿನದ ಶಾಂತ ತಾಣದಲ್ಲೇ, ಸಿಲಿಂಡರ್ ಬಹುತೇಕ ಖಾಲಿಯಾದಾಗ ಐದು ಮೀಟರ್‌ನಲ್ಲಿ ಸ್ಥಿರವಾಗಿ ನಿಲ್ಲಲು ಸಾಧ್ಯವೇ ಎಂದು ನೋಡಿ ಸೀಸವನ್ನು ನಿಗದಿ ಮಾಡಿಕೊಳ್ಳಬೇಕು.

ಇನ್ನು ಅಳತೆ. ಬೆನ್ನಿನ ಕೆಳಭಾಗ, ಕತ್ತು, ಕಂಕುಳಲ್ಲಿ ಪೊಳ್ಳು ಉಳಿದರೆ ಪ್ರತಿ ಚಲನೆಗೂ ತಣ್ಣೀರು ಒಳನುಗ್ಗುತ್ತದೆ. ಸಡಿಲವಾದ 5 ಮಿ.ಮೀ.ಗಿಂತ ಮೈಗಂಟಿದ 3 ಮಿ.ಮೀ. ಎಷ್ಟೋ ವಾಸಿ. ಹಡಗಿನಲ್ಲೇ ಬಾಡಿಗೆಗೆ ಪಡೆಯುವವರು ಅಲ್ಲಿ ಯಾವ ಅಳತೆ, ಯಾವ ದಪ್ಪದ ಉಡುಪುಗಳಿವೆ ಎಂದು ಮುಂಗಡ ಹಣ ಕಟ್ಟುವ ಮೊದಲೇ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ಡೈವ್‌ಗಳ ನಡುವಿನ ವೇಳೆಯನ್ನೂ ಮರೆಯುವಂತಿಲ್ಲ. ಒದ್ದೆ ಉಡುಪಿನಲ್ಲಿ ಪುಟ್ಟ ದೋಣಿಯ ಗಾಳಿಗೆ ಕುಳಿತರೆ ನೀರು ಆವಿಯಾಗುತ್ತ ಮೈಯ ಶಾಖವನ್ನೂ ಒಯ್ಯುತ್ತದೆ. ಹಡಗು ಹತ್ತಿದೊಡನೆ ಉಡುಪು ಕಳಚಿ, ಮೈ ಒರೆಸಿಕೊಂಡು, ಗಾಳಿ ತಡೆಯುವ ಮೇಲಂಗಿ ಹಾಕಿಕೊಂಡು, ಬಿಸಿಯಾದ ಏನಾದರೂ ಕುಡಿದವರಿಗೆ ಮುಂದಿನ ಡೈವ್ ಅಷ್ಟು ಕಷ್ಟವಾಗದು.