ಬಿಷಾ ಕಂಡ ಅಂಗಾಂಶಗಳು

ಹೃದಯಕ್ಕೆ ರೋಗ ಬಂದಿದೆ ಎಂದರೆ ಹೃದಯದ ಯಾವ ಭಾಗಕ್ಕೆ? ಅದನ್ನು ಸುತ್ತಿರುವ ಪೊರೆಗೋ, ಮಿಡಿಯುವ ಸ್ನಾಯುವಿಗೋ, ಒಳಗಿನ ತೆಳು ಹಾಸಿಗೋ? 1790ರ ದಶಕದ ಪ್ಯಾರಿಸ್‌ನಲ್ಲಿ ಈ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳಿದವನು ಝೇವಿಯರ್ ಬಿಷಾ ಎಂಬ ತರುಣ ವೈದ್ಯ.

ಸುಳಿವು ಸಿಕ್ಕಿದ್ದು ಹಿರಿಯ ವೈದ್ಯ ಪಿನೆಲ್‌ನಿಂದ. ದೇಹದಲ್ಲಿ ಎಲ್ಲೇ ಇರಲಿ, ಒಂದೇ ಬಗೆಯ ಪೊರೆಗಳು ಒಂದೇ ರೀತಿ ಉರಿಯೂತಕ್ಕೆ ಒಳಗಾಗುತ್ತವೆ ಎಂದು ಪಿನೆಲ್ 1798ರಲ್ಲಿ ಬರೆದಿದ್ದ. ಬಿಷಾ ಆ ಎಳೆ ಹಿಡಿದು ಶವಾಗಾರಕ್ಕೆ ನಡೆದ. ಒಂದೇ ಚಳಿಗಾಲದಲ್ಲಿ ಅವನು 600ಕ್ಕೂ ಹೆಚ್ಚು ಶವಗಳನ್ನು ಪರೀಕ್ಷಿಸಿದ ಎನ್ನುತ್ತವೆ ಅವನ ಜೀವನಚರಿತ್ರೆಗಳು.

ಸೂಕ್ಷ್ಮದರ್ಶಕವನ್ನು ಅವನು ನಂಬಲಿಲ್ಲ. ಅಂದಿನ ಮಸೂರಗಳಲ್ಲಿ ವಸ್ತುವಿನ ಸುತ್ತ ಬಣ್ಣದ ಅಂಚು ಮೂಡುತ್ತಿತ್ತು, ಒಬ್ಬ ಕಂಡದ್ದು ಇನ್ನೊಬ್ಬನಿಗೆ ಕಾಣುತ್ತಿರಲಿಲ್ಲ. ಹಾಗಾಗಿ ಅಂಗಗಳನ್ನು ಬಿಡಿಸಿ ಒಂದು ಚೂರನ್ನು ಕುದಿಸಿದ, ಇನ್ನೊಂದನ್ನು ಒಣಗಿಸಿದ, ಮತ್ತೊಂದನ್ನು ನೀರಲ್ಲಿ ಕೊಳೆಯಲು ಬಿಟ್ಟ, ಆಮ್ಲ ಕ್ಷಾರಗಳಲ್ಲಿ ಅದ್ದಿದ. ಸ್ನಾಯುವನ್ನು ಮೂಳೆಗೆ ಬಿಗಿಯುವ ಬಿಳಿಯ ಪಟ್ಟಿ ಕುದಿನೀರಿಗೆ ಬಿದ್ದೊಡನೆ ಮುದುಡಿ ಗಟ್ಟಿಯಾಗುತ್ತದೆ, ಬಹಳ ಹೊತ್ತು ಬೆಂದರೆ ಅಂಟಾಗಿ ಕರಗುತ್ತದೆ. ಮಾಂಸದ ವರ್ತನೆಯೇ ಬೇರೆ. ಹೊಟ್ಟೆಯದಿರಲಿ, ಎದೆಯದಿರಲಿ, ಒಂದೇ ಬಗೆಯ ಚೂರುಗಳು ಒಂದೇ ಬಗೆಯಲ್ಲಿ ನಡೆದುಕೊಂಡವು. ಕಣ್ಣು, ಕೈ, ಒಂದು ಪಾತ್ರೆ ನೀರು: ಇಷ್ಟರಿಂದಲೇ ಇಂಥ ತಿಳಿವು ಹುಟ್ಟಿತು ಎನ್ನುವುದು ನನಗೆ ಇಂದಿಗೂ ಬೆರಗು.

1800ರಲ್ಲಿ ಪೊರೆಗಳ ಕುರಿತ ಅವನ ಗ್ರಂಥ ಬಂತು. 1801ರಲ್ಲಿ ಬಂದ 'ಅನಾಟಮಿ ಜೆನೆರಾಲ್'ನಲ್ಲಿ ಇಡೀ ದೇಹವನ್ನು 21 ಅಂಗಾಂಶಗಳಾಗಿ ವಿಂಗಡಿಸಿದ. ಅಂಗಗಳು ಇವುಗಳ ಹೆಣಿಗೆ, ರೋಗ ತಗಲುವುದು ಈ ಎಳೆಗಳಿಗೆ ಎಂದು ಸಾರಿದ. ಮರುವರ್ಷ ಜುಲೈನಲ್ಲಿ, ತಾನು ದುಡಿಯುತ್ತಿದ್ದ ಒತೆಲ್-ದ್ಯು ಆಸ್ಪತ್ರೆಯ ಮೆಟ್ಟಿಲಲ್ಲಿ ಬಿದ್ದು, ಜ್ವರಕ್ಕೆ ತುತ್ತಾಗಿ ತೀರಿಕೊಂಡ. ವಯಸ್ಸು 30.

ಬಿಷಾ ನಂಬದ ಸೂಕ್ಷ್ಮದರ್ಶಕ ಮುಂದೆ ಸುಧಾರಿಸಿತು: 1830ರಲ್ಲಿ ಲಿಸ್ಟರ್ ಎಂಬಾತ ಬಣ್ಣದ ಅಂಚಿಲ್ಲದ ಮಸೂರಗಳ ಮರ್ಮ ಪ್ರಕಟಿಸಿದ. 1839ರಲ್ಲಿ ಶ್ವಾನ್ ಎಂಬ ವಿಜ್ಞಾನಿ ಪ್ರಾಣಿದೇಹವೆಲ್ಲ ಜೀವಕೋಶಗಳಿಂದಾದದ್ದೆಂದು ತೋರಿಸಿದ. ಬಿಷಾನ ಪಟ್ಟಿ ಮುಂದೆ ನಾಲ್ಕಕ್ಕೆ ಇಳಿಯಿತು: ಹೊದಿಕೆಯಾಗುವ ಅನುಲೇಪಕ, ಬೆಸೆಯುವ ಸಂಯೋಜಕ, ಸ್ನಾಯು, ನರ. ಎಣಿಕೆ ತಪ್ಪಿದರೂ ಅವನ ದಾರಿ ತಪ್ಪಲಿಲ್ಲ. ಕ್ಯಾನ್ಸರ್ ಗಡ್ಡೆಗೆ ಹೆಸರಿಡುವಾಗ ವೈದ್ಯರು ಇಂದಿಗೂ ಅದು ಹುಟ್ಟಿದ ಅಂಗಾಂಶವನ್ನೇ ನೋಡುತ್ತಾರೆ: ಅನುಲೇಪಕದಲ್ಲಿ ಹುಟ್ಟಿದ್ದು ಕಾರ್ಸಿನೋಮ, ಮೂಳೆ, ಕೊಬ್ಬು, ಸ್ನಾಯುಗಳಲ್ಲಿ ಹುಟ್ಟಿದ್ದು ಸಾರ್ಕೋಮ.